ಹಿಂಬದಿ ಸೀಟಿನ ಸೀಸನ್

ಹೋದ ಭಾನುವಾರ ನಮ್ಮ ಖಾರಘರದ ಸೊಸೈಟಿಯ ಈಜುಕೊಳದ ಹತ್ತಿರ ಪಕ್ಕದ ಫ್ಲ್ಯಾಟಿನವರ ಮಗಳು ಹೊಸ ಟ್ಯೂಬಿಗೆ ಗಾಳಿ ತುಂಬಿಸಿಕೊಂಡು ಕೂತಿದ್ದಳು. ಬಿಸಿಲಿಗೆ ಕಾದ ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ನನ್ನ ಕಾಲು ತಾನಾಗಿ ಅತ್ತ ಹೋಯಿತು. ಯಾರೂ ಕೇಳದಿದ್ದರೂ ಟ್ಯೂಬನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದೆ. ಮುಚ್ಚಳದ ಸುತ್ತ ಚೂರು ಉಗುಳು ಹಚ್ಚಿ ಗುಳ್ಳೆ ಬರುತ್ತದಾ ಅಂತ ಪರೀಕ್ಷೆ ಮಾಡಿದೆ. "ಆಂಟೀ, ಛೀ!" ಅಂತ ಆ ಹುಡುಗಿ ಟ್ಯೂಬ್ ಕಿತ್ತುಕೊಂಡಿತು. ಅದರ ತಾಯಿ ನನ್ನನ್ನು ನೋಡಿದ ರೀತಿಗೆ ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ಏನು ಮಾಡುವುದು, ಒಂದು ಇಡೀ ಸೀಸನ್ ನನ್ನ ಹೊಟ್ಟೆಪಾಡು ಅದೇ ಆಗಿತ್ತು. ಕಲ್ಯಾಣದಾಚೆ, ಉಲ್ಲಾಸ್ ನದಿ ಅಗಲವಾಗಿ ಹರಿಯುವ ಒಂದು ಕಡೆ ನಮ್ಮ ಮಾವ ರೆಸಾರ್ಟ್ ಮಾಡಿದ್ದರು. ಮಾವ ಅಂದರೆ ಅಪ್ಪನ ಅಕ್ಕನ ಗಂಡ. ಉಡುಪಿಯಿಂದ ಹದಿನಾಲ್ಕನೇ ವಯಸ್ಸಿಗೆ ಬಂದು, ಗ್ಲಾಸು ತೊಳೆದು, ಡೊಂಬಿವಲಿಯಲ್ಲಿ ಸ್ವಂತ ವೆಜ್ ಹೋಟೆಲ್ ಮಾಡಿದವರು. ಆ ಹೋಟೆಲಿನ ಕೌಂಟರಿನಲ್ಲಿ ಕೂರುವ ಮ್ಯಾನೇಜರ್ ನನ್ನ ಅಪ್ಪ. ನಾವಿದ್ದ ಎರಡು ಕೋಣೆಯ ಮನೆಯೂ ಹೋಟೆಲಿನ ಮೇಲೆಯೇ, ಅದೂ ಮಾವನದೇ. ಹಾಗಾಗಿ ಬಿ.ಕಾಂ. ಮುಗಿಸಿದ ವರ್ಷ ಮಾವ ಬಂದು, "ಶಾಲೂ, ಒಂದು ಸೀಸನ್ ಬೋಟಿನಲ್ಲಿ ಕೂತ್ಕೊ, ದಸರಾದಿಂದ ಮೇ ತನಕ, ಆಮೇಲೆ ನೀನು ಬೇಕಾದಲ್ಲಿಗೆ ಹೋಗು" ಅಂದಾಗ ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಕೇಳಲಿಲ್ಲ. ಅಮ್ಮ ಬಟ್ಟೆ ಮಡಚಿ ಬ್ಯಾಗಿಗೆ ಹಾಕಿದಳು, ಅಷ್ಟೇ.

ಟ್ಯೂಬ್ ಎಳೆಯುವುದು ಅಂದರೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಜೋರಾಗಿ ಓಡುವ ಬೋಟಿನ ಹಿಂದೆ ಅರವತ್ತು ಅಡಿಯ ಹಳದಿ ಹಗ್ಗ, ಆ ಹಗ್ಗದ ತುದಿಗೆ ಒಂದು ಮಂಚದಷ್ಟು ದೊಡ್ಡ ಗಾಳಿ ತುಂಬಿದ ಟ್ಯೂಬ್. ಅದರ ಮೇಲೆ ಎರಡೋ ಮೂರೋ ಜನ ಬೋರಲು ಮಲಗಿ, ಹಿಡಿಗಳನ್ನು ಹಿಡಿದುಕೊಂಡು, ಕಿರುಚುತ್ತಾ ಹೋಗುವುದು. ಥಾಣೆ, ಡೊಂಬಿವಲಿಯ ಜನ ಶನಿವಾರ ಭಾನುವಾರ ಇದಕ್ಕೆಂದೇ ಬರುತ್ತಿದ್ದರು. ಬೋಟ್ ನಡೆಸುವವನು ಮುಂದೆ ನೋಡುತ್ತಾನೆ. ಹಿಂದಿರುವವರು ಬಿದ್ದರೋ, ಹೆದರಿದರೋ, ಹಗ್ಗ ಸಡಿಲಾಯಿತೋ ಅಂತ ನೋಡಲು ಇನ್ನೊಬ್ಬರು ಬೇಕು. ಅವರು ಬೋಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂರುತ್ತಾರೆ. ಆ ಇನ್ನೊಬ್ಬರೇ ನಾನು. ಮೂರು ದಿನದ ತರಬೇತಿ ಮಾಡಿಸಿ, ಪರವಾನಗಿ ಕಾಗದದಲ್ಲಿ ನನ್ನ ಹೆಸರು ಬರೆಸಿ, ಅದಕ್ಕೆ ಫ್ರೇಮ್ ಹಾಕಿಸಿ ಬೋಟ್ ನಿಲ್ಲುವ ಜೆಟ್ಟಿಯಲ್ಲಿ ತೂಗುಹಾಕಿದ್ದರು. ನಾನಿಲ್ಲದೆ ಬೋಟ್ ಕದಲುವ ಹಾಗಿರಲಿಲ್ಲ. ಮೊದಲ ವಾರ ಆ ಫ್ರೇಮ್ ನೋಡಿ ನನಗೇ ಜಂಬ. ಆಮೇಲೆ ಅದನ್ನು ಕಂಡರೆ ಒಡೆದು ಹಾಕಬೇಕು ಅನ್ನಿಸುತ್ತಿತ್ತು.

ಬೋಟ್ ನಡೆಸುವವರು ಸಿದ್ದಣ್ಣ. ವಿಜಯಪುರದ ಕಡೆಯವರು, ಆಲಮಟ್ಟಿಯ ಹಿನ್ನೀರಲ್ಲಿ ದೋಣಿ ನಡೆಸಿ ಗೊತ್ತಿದ್ದವರು. ಥಾಣೆಯಲ್ಲಿ ಫ್ಯಾಕ್ಟರಿಗಳಿರುವ ವಾಗ್ಳೆ ಎಸ್ಟೇಟಿನಲ್ಲಿ ಹತ್ತು ವರ್ಷ ಲೋಡಿಂಗ್ ಮಾಡಿ ಬೆನ್ನು ಹೋದ ಮೇಲೆ ಇಲ್ಲಿಗೆ ಬಂದಿದ್ದರು. ನಾನು ಅವರ ಮಗಳ ವಯಸ್ಸಿನವಳು, ಆದರೂ "ಅಕ್ಕಾರ" ಅಂತಲೇ ಕರೆಯುತ್ತಿದ್ದರು. ಟ್ಯೂಬಿಗೆ ಉಗುಳು ಹಚ್ಚುವುದನ್ನು ಕಲಿಸಿದವರು ಅವರೇ. ತರಬೇತಿಯಲ್ಲಿ ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ ಕಿವಿಯ ಮೇಲಿಂದ ಹೋಗಿತ್ತು. ಅದನ್ನು ಸಿದ್ದಣ್ಣ ತಲೆಯೊಳಗೆ ಕೂರಿಸಿದರು.

"ಜಾಕೀಟ ಹಾಕ್ಯಾರಂದ್ರ ಆಗಲಿಲ್ರಿ, ಹೆಗಲ ಹಿಡದು ಮ್ಯಾಲ ಜಗ್ಗಿ ನೋಡ್ರಿ. ಗದ್ದಕ್ಕ ಬಂತಂದ್ರ ಅದು ಸಡಲ ಅದ ಅಂತ ತಿಳೀರಿ. ಹಗ್ಗ ಬಿಗಿ ಆಗೂತನಕ ನಾ ಮೆಲ್ಲಕ ಹೊಂಡತೀನಿ. ತಿರುವಿನ್ಯಾಗ ದೊಡ್ಡ ಸುತ್ತ ತಗೋತೀನಿ, ಯಾಕಂದ್ರ ನಾವು ಇಷ್ಟ ತಿರಗಿದ್ರ ಟೂಬ ಅಷ್ಟ ದೂರ ಬೀಸತೈತಿ. ಯಾರರ ಬಿದ್ರ ಬಾವುಟ ಎತ್ರಿ. ಅವರ ಹತ್ತರ ಹೋದಮ್ಯಾಲ ಎಂಜಿನ್ ಬಂದ್ ಮಾಡೇ ಮ್ಯಾಲ ಹತ್ತಿಸೂದು, ಹಿಮ್ಮುಖ ಹೋಗೂದಂತೂ ಇಲ್ಲೇ ಇಲ್ಲ. ಮತ್ತ ಯಾರೂ ಹಗ್ಗಾ ಕೈಗೆ ಸುತ್ಕೋಬಾರದು. ಸುತ್ಕೊಂಡ್ರ ಕೈ ಹೋತು ಅಂತ ತಿಳೀರಿ."

ಅವರ ಮುಂದೆ ಒಂದು ಕನ್ನಡಿ ಇತ್ತು. ಅದರಲ್ಲಿ ಕಾಣುವುದು ನನ್ನ ಜಡೆ ಮಾತ್ರ ಅಂತ ನಗುತ್ತಿದ್ದರು. ಅದಕ್ಕೇ ನಮ್ಮಿಬ್ಬರಲ್ಲಿ ಒಂದು ಒಪ್ಪಂದ. ನಾನು "ಬಂದ್" ಅಂದರೆ ಅವರು ಹಿಂದಿರುಗಿ ನೋಡುವುದಿಲ್ಲ, ಯಾಕೆ ಅಂತ ಕೇಳುವುದಿಲ್ಲ, ಮಣಿಕಟ್ಟಿಗೆ ಕಟ್ಟಿಕೊಂಡ ಕೆಂಪು ದಾರ ಎಳೆದು ಎಂಜಿನ್ ಆರಿಸಿಬಿಡುವುದು. ನಾನು ಎಷ್ಟೋ ಸಲ ಸುಮ್ಮಸುಮ್ಮನೆ ಹೆದರಿ "ಬಂದ್" ಅಂದದ್ದುಂಟು. ಒಂದು ಸಲವೂ ಅವರು ಸಿಡುಕಲಿಲ್ಲ.

ರೆಸಾರ್ಟಿಗೆ ಮಂಗಳವಾರ ರಜೆ. ಆ ಒಂದು ದಿನ ಡೊಂಬಿವಲಿಗೆ ಹೋಗಿ ಅಮ್ಮನ ಕೈಯ ಸಾರು ಉಂಡು ಬರುವುದು, ಉಳಿದ ದಿನ ಅಡಿಗೆಮನೆಯ ಮೇಲಿನ ಒಂದು ಕೋಣೆಯಲ್ಲಿ ಮಲಗುವುದು. ದಿನಕ್ಕೆ ಆರು ಗಂಟೆ ಹಿಂದಕ್ಕೆ ಮುಖ ಮಾಡಿ ಕೂತರೆ ಏನಾಗುತ್ತದೆ ಅಂತ ಕೂತವರಿಗೇ ಗೊತ್ತು. ಎಲ್ಲಿಗೆ ಹೋಗುತ್ತಿದ್ದೇನೆ ಅಂತ ಕಾಣುವುದಿಲ್ಲ. ಬಿಟ್ಟು ಬಂದದ್ದೇ ಕಾಣುತ್ತಿರುತ್ತದೆ. ಹೋದ ನೀರಲ್ಲೇ ತಿರುಗಿ ಹೋಗುವುದು, ಅದೇ ಕೂಗು, ಅದೇ ಐದು ನಿಮಿಷ. ಕುತ್ತಿಗೆ ಕಪ್ಪಾಯಿತು, ತುಟಿ ಒಡೆಯಿತು. ಕಾಲೇಜಿನ ಗೆಳತಿಯರು ವಾಟ್ಸಾಪಿನಲ್ಲಿ "ಎಷ್ಟು ಲಕ್ಕಿ ಯಾರ್ ತೂ, ದಿನಾ ಪಿಕ್‌ನಿಕ್" ಅಂತ ಬರೆಯುವಾಗ ಫೋನ್ ನದಿಗೆ ಎಸೆಯಬೇಕು ಅನ್ನಿಸುತ್ತಿತ್ತು.

ಡಿಸೆಂಬರಿನಲ್ಲಿ ಥಾಣೆಯ ಆಚೆ ಘಣಸೋಲಿಯ ಒಂದು ಕಂಪನಿಯಿಂದ ಮೇಲ್ ಬಂತು. ಕಾಲೇಜಿನಲ್ಲಿರುವಾಗ ಕೊಟ್ಟ ಇಂಟರ್‌ವ್ಯೂ, ನಾನು ಮರೆತೇಬಿಟ್ಟಿದ್ದೆ. ಫೆಬ್ರವರಿ ಮೂರನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಎಲ್ಲ ಮೂಲ ಸರ್ಟಿಫಿಕೇಟುಗಳೊಂದಿಗೆ ಬಂದು ಸೇರಬೇಕು, ಇಲ್ಲದಿದ್ದರೆ ಆಫರ್ ರದ್ದು. ನಾನು ಆ ಮೇಲ್ ಓದಿ ಬಾತ್‌ರೂಮಿಗೆ ಹೋಗಿ ಕುಣಿದಿದ್ದೇನೆ, ಸುಳ್ಳು ಹೇಳುವುದಿಲ್ಲ.

ಸರ್ಟಿಫಿಕೇಟುಗಳು ಮಾತ್ರ ಮಾವನ ಬೀರುವಿನಲ್ಲಿದ್ದವು. ಪರವಾನಗಿಗೆ ಬೇಕು ಅಂತ ತೆಗೆದುಕೊಂಡವರು, "ನಿನ್ನ ಕೋಣೆಗೆ ನೀರು ಸೋರ್ತದೆ, ಇಲ್ಲಿ ಭದ್ರ ಇರ್ಲಿ" ಅಂತ ಅಲ್ಲೇ ಇಟ್ಟುಕೊಂಡಿದ್ದರು. ಕೇಳಿದೆ.

"ಎಂತ ಅವಸರ? ಮೇ ಮುಗೀಲಿ."

"ಮಾವ, ಅವ್ರು ಮೇ ತನಕ ಕಾಯೂದಿಲ್ಲ."

"ಕಾಯದ ಕಂಪನಿ ಕಂಪನಿಯಾ? ನೋಡು ಶಾಲೂ, ನೀನು ಹೋದ್ರೆ ಬೋಟ್ ನಿಲ್ತದೆ. ಬೋಟ್ ನಿಂತ್ರೆ ಇಲ್ಲಿಗೆ ಯಾರು ಬರ್ತಾರೆ, ನನ್ನ ಇಡ್ಲಿ ತಿನ್ಲಿಕ್ಕಾ? ನಿನ್ನಪ್ಪನತ್ರ ಕೇಳು, ಅವ ಹೋಗು ಅಂದ್ರೆ ಹೋಗು."

ಅಪ್ಪ ಹೋಗು ಅನ್ನುವವರಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಅಪ್ಪನಿಗೆ ಮಾವನ ಮಾತು ಬಿಸಿ ತುಪ್ಪ, ನುಂಗಲಿಕ್ಕೂ ಆಗುವುದಿಲ್ಲ, ಉಗುಳಲಿಕ್ಕೂ ಆಗುವುದಿಲ್ಲ. ಮಾವ ಕೆಟ್ಟವರೂ ಅಲ್ಲ, ಅದೇ ತೊಂದರೆ. ಕೆಟ್ಟವರಾದರೆ ಜಗಳ ಮಾಡಿ ಬರಬಹುದಿತ್ತು. ನನಗೆ ಜ್ವರ ಬಂದಾಗ ತಾವೇ ಗಂಜಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ ಜನ ಅವರು.

ಮಾವನದೊಂದು ಪದ್ಧತಿ ಇತ್ತು. ಹೋಟೆಲಿನಲ್ಲಿ ಪ್ರತಿ ಶುಕ್ರವಾರ ಸಂಜೆ ಗಲ್ಲಾಪೆಟ್ಟಿಗೆಗೆ ಹೂ ಹಾಕಿ ಆರತಿ ಎತ್ತುತ್ತಿದ್ದ ಹಾಗೆಯೇ ಇಲ್ಲಿ ಬೋಟಿಗೆ ಪೂಜೆ. ಚೆಂಡುಹೂವಿನ ಎರಡು ಮಾರುದ್ದದ ಹಾರ, ಕಲ್ಯಾಣದ ಮಾರ್ಕೆಟಿನಿಂದ ಬರುವುದು, ಪ್ಲಾಸ್ಟಿಕ್ ದಾರದಲ್ಲಿ ಪೋಣಿಸಿದ್ದು. ಶನಿವಾರ ಬೆಳಿಗ್ಗೆ ಆ ಹಾರ ತೆಗೆದು ನೀರಿಗೆ ಬಿಡಬೇಕು. "ಸಾವ್ಕಾರ್ರ, ಈ ದಾರ ನೀರಾಗಿನ ಪಂಖಕ್ಕ ಸುತ್ತಿತಂದ್ರ ಎಂಜಿನ್ ಸತ್ತಂಗ, ಕಸದ ಡಬ್ಬ್ಯಾಗ ಹಾಕೂಣ್ರಿ" ಅಂತ ಸಿದ್ದಣ್ಣ ಒಮ್ಮೆ ಹೇಳಿ ನೋಡಿದ್ದರು. "ದೇವರ ಹೂ ಕಸದ ಡಬ್ಬಿಗಾ!" ಅಂತ ಮಾವ ಎರಡು ಕೆನ್ನೆಗೂ ತಪ್ಪಾಯ್ತು ತಪ್ಪಾಯ್ತು ಅಂತ ಬಡಿದುಕೊಂಡರು. ಕೊನೆಗೆ ಆದ ರಾಜಿ ಏನೆಂದರೆ, ಶನಿವಾರ ನಾನು ಹಾರ ಹಿಡಿದುಕೊಂಡು ಹತ್ತು ನಿಮಿಷ ನಡೆದು, ಹರಿವಿನ ಕೆಳಗಿರುವ ಘಾಟಿನಲ್ಲಿ ಬಿಟ್ಟು ಬರುವುದು. ಮೂರು ತಿಂಗಳು ತಪ್ಪದೆ ಮಾಡಿದೆ.

ಜನವರಿ ನಡುವಿನ ಆ ಶನಿವಾರ ಬೆಳಿಗ್ಗೆ ಹಾರ ಕೈಯಲ್ಲಿದ್ದಾಗಲೇ ಘಣಸೋಲಿಯಿಂದ ಫೋನ್ ಬಂತು. ಮೇ ಮುಗಿಯುವ ತನಕ ಸಮಯ ಕೊಡಿ ಅಂತ ನಾನು ಬರೆದ ಮೇಲಿಗೆ ಉತ್ತರ. ಆ ಹುಡುಗಿ ಬಹಳ ನಯವಾಗಿ ಹೇಳಿದಳು, ಸಾಧ್ಯವಿಲ್ಲ ಮ್ಯಾಮ್, ನಿಮ್ಮ ಜಾಗಕ್ಕೆ ಮೂವರು ಕಾಯ್ತಿದ್ದಾರೆ. ನನಗೆ ತಲೆ ಕೆಟ್ಟುಹೋಯಿತು. ಫೋನ್ ಇಟ್ಟು, ಆ ಹಾರವನ್ನು ಉಂಡೆ ಮಾಡಿ, ಜೆಟ್ಟಿಯ ಪಕ್ಕದಲ್ಲೇ, ನಿಂತಲ್ಲಿಂದಲೇ ನೀರಿಗೆ ಬಿಸಾಡಿದೆ. ಬಿಸಾಡುವಾಗ ಮಾವನನ್ನು ಬೈದೆ, ದೇವರನ್ನೂ ಒಂದು ಮಾತು ಬೈದೆ.

ಹನ್ನೊಂದು ಗಂಟೆಗೆ ಥಾಣೆಯ ಒಂದು ಕುಟುಂಬ ಬಂತು. ಅಪ್ಪ, ಹತ್ತು ಹನ್ನೊಂದರ ಮಗಳು, ಅವಳ ಚಿಕ್ಕಮ್ಮ. ಜಾಕೆಟ್ ಜಗ್ಗಿ ನೋಡಿದೆ, ಹಗ್ಗ ಹಿಡಿಯಬಾರದು ಅಂತ ಹಿಂದಿಯಲ್ಲಿ ಎರಡು ಸಲ ಹೇಳಿದೆ. ಮೊದಲ ಸುತ್ತು ಚೆನ್ನಾಗಿಯೇ ಆಯಿತು. ಎರಡನೇ ತಿರುವಿನಲ್ಲಿ ಎಂಜಿನ್ ಒಮ್ಮೆ ಕೆಮ್ಮಿತು, ಆಮೇಲೆ ನಿಂತೇಹೋಯಿತು. ಬೋಟ್ ನಿಂತರೂ ಟ್ಯೂಬ್ ನಿಲ್ಲಬೇಕಲ್ಲ. ಅದು ಬಂದ ರಭಸಕ್ಕೆ ನಮ್ಮ ಪಕ್ಕಕ್ಕೇ ಜಾರಿಕೊಂಡು ಬಂತು, ಹಗ್ಗ ಸಡಿಲಾಗಿ ನೀರ ಮೇಲೆ ಸುರುಳಿ ಸುರುಳಿ ಬಿದ್ದಿತು. ಆ ಹುಡುಗಿ ಹೆದರಿ, ಹಿಡಿ ಬಿಟ್ಟು, ಕೈಗೆ ಸಿಕ್ಕಿದ ಹಗ್ಗವನ್ನೇ ಹಿಡಿದಿತ್ತು. ನೋಡುತ್ತೇನೆ, ಮಣಿಕಟ್ಟಿಗೆ ಎರಡು ಸುತ್ತು.

ಅದೇ ಹೊತ್ತಿಗೆ ಹರಿವು ನಮ್ಮನ್ನು ಹಳೆಯ ಪಂಪ್‌ಹೌಸಿನ ಕಲ್ಲಿನ ಕಂಬದ ಕಡೆಗೆ ತಳ್ಳುತ್ತಿತ್ತು. ಸಿದ್ದಣ್ಣ ಚಾವಿ ತಿರುಗಿಸಿದರು. ಎಂಜಿನ್ ಗುರ್ ಅಂತು, ಇನ್ನೇನು ಹತ್ತಿಕೊಳ್ಳುತ್ತದೆ. ಹತ್ತಿಕೊಂಡು ಬೋಟ್ ಮುಂದೆ ಜಿಗಿದರೆ ಹಗ್ಗ ಬಿಗಿಯುತ್ತದೆ, ಬಿಗಿದರೆ ಆ ಕೈ ಉಳಿಯುವುದಿಲ್ಲ.

"ಬಂದ್! ಸಿದ್ದಣ್ಣ, ಬಂದ್!"

ಕಂಬ ಅವರ ಎದುರಿಗೇ ಇತ್ತು. ನನಗೆ ಕಾಣುತ್ತಿರಲಿಲ್ಲ, ಅವರಿಗೆ ಕಾಣುತ್ತಿತ್ತು. ಆದರೂ ಅವರು ಹಿಂದಿರುಗಿ ನೋಡಲಿಲ್ಲ, ಯಾಕೆ ಅಂತ ಕೇಳಲಿಲ್ಲ. ಕೆಂಪು ದಾರ ಎಳೆದುಬಿಟ್ಟರು. ನಾನು ಹಗ್ಗ ಜಗ್ಗಿ ಟ್ಯೂಬನ್ನು ಹತ್ತಿರ ತಂದು, ಆ ಹುಡುಗಿಯ ಕೈಯ ಸುತ್ತು ಬಿಡಿಸುತ್ತಿದ್ದಾಗ ಬೋಟ್ ಕಂಬಕ್ಕೆ ಬಡಿಯಿತು. ಬಡಿಯದಂತೆ ತಡೆಯಲು ಸಿದ್ದಣ್ಣ ಎಡಗೈ ಚಾಚಿದ್ದರು. ಬೋಟಿನ ಮೂತಿ ಒಡೆದದ್ದರ ಜೊತೆಗೆ ಅವರ ಮಣಿಕಟ್ಟಿನ ಮೂಳೆಯೂ ಬಿರುಕು ಬಿಟ್ಟಿತು. ಹುಡುಗಿಯ ಕೈಯಲ್ಲಿ ಬಳೆಯ ಹಾಗೆ ಎರಡು ಕೆಂಪು ಗೆರೆ, ಅಷ್ಟೇ. ಅದು ನನ್ನ ಮುಖ ನೋಡಿ ಕೇಳಿದ್ದೇನು ಗೊತ್ತಾ? "ಆಂಟೀ, ಹಮಾರಾ ಪೂರಾ ಪಾಂಚ್ ಮಿನಿಟ್ ತೋ ನಹೀ ಹುವಾ." ಐದು ನಿಮಿಷ ಪೂರ್ತಿ ಆಗಲಿಲ್ಲವಲ್ಲ ಅಂತ ಅದರ ದೂರು! ನನಗೆ ನಗು ಬಂತೋ ಅಳು ಬಂತೋ, ಈಗಲೂ ಹೇಳಲಾರೆ.

ಇನ್ನೊಂದು ದೋಣಿ ನಮ್ಮನ್ನು ದಡಕ್ಕೆ ಎಳೆದುಕೊಂಡು ಬಂತು. ಎಲ್ಲರೂ ಹುಡುಗಿಯ ಸುತ್ತ ನಿಂತಿದ್ದಾಗ ಸಿದ್ದಣ್ಣ ಒಂದೇ ಕೈಯಲ್ಲಿ ಎಂಜಿನ್ ಮೇಲೆತ್ತಿ ನೋಡಿದರು. ಪಂಖದ ಸುತ್ತ ಹಸಿರು ಪ್ಲಾಸ್ಟಿಕ್ ದಾರ, ನಡುವೆ ಜಜ್ಜಿಹೋದ ಚೆಂಡುಹೂ. ಚಾಕುವಿನಿಂದ ಕಿತ್ತು, ಪ್ಯಾಂಟಿನ ಜೇಬಿಗೆ ತುರುಕಿದರು. ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು.

ಸಂಜೆ ಮಾವ ಆಫೀಸಿಗೆ ಕರೆದರು. ಹುಡುಗಿಯ ಅಪ್ಪ ಪೊಲೀಸಿಗೆ ಹೋಗುತ್ತೇನೆ ಅಂತ ಗಲಾಟೆ ಮಾಡಿ ಹೋಗಿದ್ದ. ಮೇಜಿನ ಮೇಲೆ ಅವಘಡ ಬರೆಯುವ ರಿಜಿಸ್ಟರ್ ತೆರೆದಿತ್ತು, ಅದರಲ್ಲಿ ಮಾವನದೇ ಅಕ್ಷರ. ಚಾಲಕ ಕಂಬದ ಹತ್ತಿರ ಅತಿ ವೇಗದಲ್ಲಿ ತಿರುಗಿಸಿದ, ಆದ ಕಾರಣ ಕೆಲಸದಿಂದ ತೆಗೆಯಲಾಗಿದೆ. ಅದರ ಕೆಳಗೆ ನನ್ನ ಸಹಿಗೆ ಜಾಗ. ರಿಜಿಸ್ಟರಿನ ಪಕ್ಕದಲ್ಲಿ ನನ್ನ ನೀಲಿ ಫೋಲ್ಡರ್.

"ಬೋಟ್ ಹೇಗೂ ಹದಿನೈದು ದಿನ ನಿಲ್ತದೆ. ಅಷ್ಟರಲ್ಲಿ ಪರವಾನಗಿಯಲ್ಲಿ ಬೇರೆ ಯಾರದ್ದಾದ್ರೂ ಹೆಸರು ಹಾಕಿಸ್ತೇನೆ. ಸೈನ್ ಹಾಕು, ಫೋಲ್ಡರ್ ತಕೊ, ಆ ನಿನ್ನ ಘಣಸೋಲಿಗೆ ಹೋಗು."

"ಸಿದ್ದಣ್ಣನದ್ದು ತಪ್ಪಿಲ್ಲ ಮಾವ."

"ಯಾರನ್ನಾದ್ರೂ ತೆಗ್ದೆ ಅಂತ ತೋರಿಸ್ಬೇಕಲ್ಲ ಮಾರಾಯ್ತಿ, ಇಲ್ದಿದ್ರೆ ಈ ಜಾಗವೇ ಬಂದ್ ಮಾಡಿಸ್ತಾನೆ ಅವ. ಅವನಿಗೆಂತ, ಇನ್ನೊಂದು ಕಡೆ ಕೆಲಸ ಸಿಗ್ತದೆ."

ಪೆನ್ ತೆಗೆದುಕೊಂಡೆ. ನಿಜ ಹೇಳುತ್ತೇನೆ, ಸಹಿ ಹಾಕಲೆಂದೇ ತೆಗೆದುಕೊಂಡದ್ದು. ಘಣಸೋಲಿಯ ಆಫೀಸು, ಸಂಜೆಯ ಲೋಕಲ್, ನನ್ನದೇ ಸಂಬಳ, ಯಾರ ಮನೆಯ ಮೇಲೂ ಅಲ್ಲದ ಒಂದು ಕೋಣೆ, ಎಲ್ಲ ಆ ಫೋಲ್ಡರಿನೊಳಗಿತ್ತು. ಶಾ ಅಂತ ಬರೆದೆ. ಕಂಬ ಎದುರಿಗೆ ಬರುತ್ತಿರುವಾಗ ನನ್ನ ಒಂದು ಮಾತಿಗೆ ದಾರ ಎಳೆದ ಆ ಬೆನ್ನು ಕಣ್ಣಿಗೆ ಬಂತು. ಮುಂದಿನ ಅಕ್ಷರ ಬರಲಿಲ್ಲ. ಅದನ್ನು ಹೊಡೆದುಹಾಕಿ, ಕೆಳಗೆ ಕನ್ನಡದಲ್ಲಿ ಬರೆದೆ. ಹೂವಿನ ಹಾರವನ್ನು ಜೆಟ್ಟಿಯ ಪಕ್ಕದಲ್ಲೇ ನೀರಿಗೆ ಹಾಕಿದವಳು ನಾನು. ಅದು ಪಂಖಕ್ಕೆ ಸುತ್ತಿ ಎಂಜಿನ್ ನಿಂತಿತು. ಎಂಜಿನ್ ಹಚ್ಚಬೇಡಿ ಎಂದವಳೂ ನಾನು. ಚಾಲಕರು ನನ್ನ ಮಾತು ಕೇಳಿದ್ದರಿಂದ ಮಗುವಿನ ಕೈ ಉಳಿಯಿತು. ಪೂರ್ತಿ ಹೆಸರು ಹಾಕಿ ಸಹಿ ಮಾಡಿದೆ.

ಮಾವ ಎರಡು ಸಲ ಓದಿದರು. ಮುಖ ಸಣ್ಣದಾಯಿತು. ಹಾರ ಯಾರ ಹಟದ್ದು ಅಂತ ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಫೋಲ್ಡರ್ ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. "ನಿನ್ನ ತಪ್ಪು ಅಂತ ನೀನೇ ಬರ್ದಿ. ಹಾಗಾದ್ರೆ ಸೀಸನ್ ಮುಗಿಸಿಯೇ ಹೋಗು" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ನೋಯಿಸಿತು. ಮರುದಿನ ಥಾಣೆಗೆ ಹೋಗಿ ಆ ಹುಡುಗಿಯ ಅಪ್ಪನ ಎದುರು ಕೈಮುಗಿದು ಬಂದರಂತೆ, ಪೊಲೀಸಿನ ಮಾತು ಅಲ್ಲಿಗೆ ನಿಂತಿತು, ಸಿದ್ದಣ್ಣನ ಕೆಲಸವೂ ಉಳಿಯಿತು. ಬೋಟ್ ರಿಪೇರಿಯಾಗಿ ಬಂದ ಮೇಲಿನ ಶುಕ್ರವಾರದಿಂದ ಹಾರ ಹತ್ತಿಯ ನೂಲಿನಲ್ಲಿ ಬಂತು, ಶನಿವಾರ ಅದು ತುಳಸಿಕಟ್ಟೆಯ ಮಣ್ಣಿಗೆ ಹೋಯಿತು. ಅದರ ಬಗ್ಗೆ ಅವರು ನನ್ನಲ್ಲಿ ಯಾವತ್ತೂ ಮಾತೆತ್ತಲಿಲ್ಲ.

ಅಪ್ಪ ಫೋನಿನಲ್ಲಿ ಕೇಳಿದ್ದು ಒಂದೇ. "ಮನೆಯ ವಿಷಯ ಏನಾದ್ರೂ ಅಂದ್ರಾ?" ಇಲ್ಲ ಅಂದೆ. "ಸರಿ ಹಾಗಾದ್ರೆ" ಅಂತ ಇಟ್ಟುಬಿಟ್ಟರು. ನನ್ನ ಕೆಲಸ ಏನಾಯಿತು ಅಂತ ಕೇಳಲಿಲ್ಲ. ವಿಶ್ವವಿದ್ಯಾಲಯದಿಂದ ನಕಲು ತರಿಸಲು ಹೋದರೆ ಮೂರು ತಿಂಗಳು ಅಂದರು. ಮೇ ಕೊನೆಗೆ ಮಾವ ಮಾತಿನ ಪ್ರಕಾರ ಫೋಲ್ಡರ್ ಕೊಟ್ಟರು, ಆಮೇಲೆ ಬೇರೆ ಕೆಲಸವೂ ಸಿಕ್ಕಿತು, ಇಲ್ಲದಿದ್ದರೆ ನಾನು ಖಾರಘರದಲ್ಲಿ ಯಾಕಿರುತ್ತಿದ್ದೆ. ಆದರೆ ಆ ಸೀಸನ್ ಅಂದರೆ ನನಗೆ ನೆನಪಾಗುವುದು ಮೇ ಅಲ್ಲ, ಫೆಬ್ರವರಿ ಮೂರು.

ಬೋಟ್ ಹಿಂದಿನ ದಿನವಷ್ಟೇ ರಿಪೇರಿಯಾಗಿ ಬಂದಿತ್ತು. ಜನರನ್ನು ಹತ್ತಿಸುವ ಮೊದಲು ಖಾಲಿ ಓಡಿಸಿ ನೋಡಬೇಕು. ಆಗ ಬೆಳಿಗ್ಗೆ ಹತ್ತು ಗಂಟೆ. ಘಣಸೋಲಿಯಲ್ಲಿ ಯಾರೋ ನನ್ನ ಹೆಸರು ಕರೆದು, ಇಲ್ಲ ಅಂತ ಬರೆದುಕೊಳ್ಳುವ ಹೊತ್ತು. ಸಿದ್ದಣ್ಣ ಪಟ್ಟಿ ಕಟ್ಟಿದ ಕೈ ಎದೆಗೆ ಹಚ್ಚಿಕೊಂಡು ಒಂದೇ ಕೈಯಲ್ಲಿ ಬೋಟನ್ನು ನಡುನೀರಿಗೆ ತಂದು ಎಂಜಿನ್ ನಿಲ್ಲಿಸಿದರು. ಹದಿನೈದು ದಿನದಿಂದ ನನ್ನ ಹತ್ತಿರ ಸರಿಯಾಗಿ ಮಾತಾಡಿರಲಿಲ್ಲ. ಒಮ್ಮೆಲೇ ತಿರುಗಿದರು.

"ಯಾರು ಹೇಳಿದ್ರು ನಿಮಗ ಖರೇ ಬರೀ ಅಂತ? ನಾ ಕೇಳಿದ್ನೇನು? ಆ ದಾರ ಕಿಸೆದಾಗ ಯಾಕ ಇಟ್ಕೊಂಡೆ ನಾ, ಛಂದ ಅದ ಅಂತೇನು? ವಾಗ್ಳೆ ಎಸ್ಟೇಟಿನ್ಯಾಗ ನಂಗ ಇನ್ನೊಂದ ಕೆಲಸ ಸಿಗತಿತ್ತು. ನಿಮಗ ಆ ಘಣಸೋಲಿ ಕೆಲಸ ಮತ್ತ ಸಿಗತೈತೇನು? ಹೊರಗ ಹೋಗಾಕ ಬಾಗಲಾ ತಗದಿತ್ತು, ನೀವ ಮುಚ್ಚಿಬಿಟ್ರಿ. ಹುಚ್ಚಿ!"

ನನಗೂ ರೇಗಿತು. "ಬೆನ್ನು ಹೋದವರಿಗೆ, ಈಗ ಕೈಯೂ ಹೋದವರಿಗೆ ವಾಗ್ಳೆ ಎಸ್ಟೇಟಿನಲ್ಲಿ ಯಾರು ಕೆಲಸ ಕೊಡ್ತಾರೆ ಸಿದ್ದಣ್ಣ? ಸುಳ್ಳು ಹೇಳ್ಬೇಡಿ. ಮತ್ತೆ ನಾನು ನಿಮಗೋಸ್ಕರ ಬರೆದದ್ದಲ್ಲ. ನನಗೆ ಬರೆಯದೆ ಇರ್ಲಿಕ್ಕೆ ಆಗ್ಲಿಲ್ಲ, ಅಷ್ಟೇ."

ಅವರು ಕೆಂಪು ದಾರವನ್ನು ಹಲ್ಲಿನಿಂದ ಬಿಚ್ಚಿ ನನ್ನ ಮಣಿಕಟ್ಟಿಗೆ ಕಟ್ಟಿದರು. "ಬರ್ರಿ, ನೀವ ನಡಸ್ರಿ. ನಂಗ ಕೈ ನೋಯ್ತೈತಿ" ಅಂದು ನನ್ನ ಸೀಟಿಗೆ ಹೋಗಿ ಕೂತರು.

ನಾಲ್ಕು ತಿಂಗಳಲ್ಲಿ ಮೊದಲ ಸಲ ನಾನು ಆ ಬೋಟಿನಲ್ಲಿ ಮುಂದೆ ನೋಡಿದೆ. ಗಾಳಿ ಎದುರಿಗೆ ಬಂತು. ನದಿ ಇಷ್ಟು ಅಗಲ ಅಂತ ನನಗೆ ಗೊತ್ತೇ ಇರಲಿಲ್ಲ. ಹರಿವಿನ ಕೆಳಗಡೆ ಒಂದು ಸಾಲು ಬಿಳಿ ಡ್ರಮ್ಮುಗಳು ತೇಲುತ್ತಿದ್ದವು, ನಮ್ಮ ಪರವಾನಗಿ ಅಲ್ಲಿಯವರೆಗೆ. ಅದರಾಚೆ ನದಿ ಕಲ್ಯಾಣದ ಕಡೆಗೆ ತಿರುಗುತ್ತದೆ, ಅಲ್ಲಿ ರೈಲು ಸೇತುವೆ, ಲೋಕಲ್ಲುಗಳು. ಎಣ್ಣೆ ಪೂರ್ತಿ ತುಂಬಿತ್ತು. ಹೋಗಿಬಿಡೋಣ ಅನ್ನಿಸಿತು. ಸೇತುವೆಯ ಹತ್ತಿರ ಬೋಟ್ ಬಿಟ್ಟು, ಸ್ಟೇಷನ್ನಿಗೆ ನಡೆದು, ಒಂದು ಗಂಟೆ ತಡವಾಯಿತು ಸಾರ್ ಅಂತ ಹೇಳಿ, ಕಾಗದ ಆಮೇಲೆ ತರುತ್ತೇನೆ ಅಂತ ಕಾಲು ಹಿಡಿದಾದರೂ. ಕೈ ತಾನಾಗಿ ವೇಗ ಹೆಚ್ಚಿಸಿತು. ಸಿದ್ದಣ್ಣನಿಗೆ ಅದು ಗೊತ್ತಾಗದೆ ಇರಲಿಲ್ಲ, ಆದರೆ ಅವರು ಬಂದ್ ಅನ್ನಲಿಲ್ಲ, ನಿಧಾನ ಅನ್ನಲಿಲ್ಲ, ಕೆಮ್ಮಲೂ ಇಲ್ಲ. ಅವರು ಹೋಗು ಅನ್ನುತ್ತಿದ್ದಾರೆ ಅಂತ ನನಗೆ ಅರ್ಥವಾಯಿತು.

ಅಪ್ಪ ಆ ಹೊತ್ತಿಗೆ ಕೌಂಟರಿನಲ್ಲಿ ಕೂತು ಯಾರಿಗೋ ಚಿಲ್ಲರೆ ಕೊಡುತ್ತಿರುತ್ತಾರೆ ಅಂತ ನೆನಪಾಯಿತು. ಆ ಕೌಂಟರು ಮಾವನದು, ಅದರ ಮೇಲಿನ ಮನೆಯೂ ಮಾವನದು.

ಡ್ರಮ್ಮುಗಳು ಇನ್ನೂ ಹತ್ತು ಮಾರು ದೂರ ಇದ್ದವು. ನಾನೇ ತಿರುಗಿಸಿದೆ. ಯಾರೂ ಹೇಳಿರಲಿಲ್ಲ.